ಇನ್ನೂರೈವತ್ತರಲ್ಲಿ ಹದಿನೇಳನೆಯ ಮನೆ

ಕಾಶೆಪ್ಪನಿಗೆ ಐವತ್ತೆರಡು ವರ್ಷ. ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ಕೇಳಿದವರು ನಿಲಂಗಾ ಪೇಟೆಯಲ್ಲಿ ಒಬ್ಬರೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಕಂಬಳಿ ಅಂಗಡಿ. ಕಂಬಳಿ ಕೊಳ್ಳುವವರಿಗಿಂತ ದಾರಿ ಕೇಳುವವರೇ ಅಲ್ಲಿಗೆ ಹೆಚ್ಚು ಬರುತ್ತಿದ್ದರು. ಉದಗೀರದ ಬಸ್ಸು ಎಷ್ಟಕ್ಕೆ ಎಂದರೆ ತಟ್ಟನೆ ಹೇಳುತ್ತಿದ್ದ. ಅಷ್ಟು ಹೊತ್ತಿಗೆ ಉದಗೀರದ ಬಸ್ಸು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ವಲಾಂಡಿಗೆ ಹೊರಟಿದ್ದ ಬೀಗರನ್ನು ಗುಂಜೋಟಿಯ ಬಸ್ಸಿಗೆ ಹತ್ತಿಸಿ, ಒಂದು ನಿಶ್ಚಿತಾರ್ಥವನ್ನೇ ಮುಂದಕ್ಕೆ ಹಾಕಿಸಿದ ಕೀರ್ತಿಯೂ ಅವನಿಗಿತ್ತು. ಗೊತ್ತಿಲ್ಲ ಎಂದರೆ ಕೇಳಿದವನನ್ನು ಬರಿಗೈಯಲ್ಲಿ ಕಳಿಸಿದ ಹಾಗೆ ಎಂದು ಅವನು ತಿಳಿದಿದ್ದ. ಬಾಗಿಲಿಗೆ ಬಂದವರಿಗೆ ಏನಾದರೂ ಕೊಟ್ಟು ಕಳಿಸಬೇಕಲ್ಲ!

ಇಷ್ಟೆಲ್ಲ ಬಲ್ಲವನಿಗೆ ಒಂದು ಮಾತ್ರ ತಿಳಿಯದೆ ಉಳಿದಿತ್ತು. ಅದು ಹೆಂಡತಿ ಶಿವಕಾಂತಮ್ಮನನ್ನು ಮನೆಯೊಳಕ್ಕೆ ಕರೆತರುವ ಉಪಾಯ.

ಗಣಪತಿ ಕಳಿಸಿದ ಮರುದಿನ ನಸುಕಿನಲ್ಲಿ ಭೂಮಿ ನಡುಗಿತಲ್ಲ, ಆವತ್ತು ಕೌದಿ ಹೊದ್ದು ಹೊರಗೆ ಓಡಿ ಬಂದ ಶಿವಕಾಂತಮ್ಮ ಮತ್ತೆ ಒಳಗೆ ಮಲಗಲೇ ಇಲ್ಲ. ಅಂಗಳದಲ್ಲಿ ಒಂದು ತಗಡಿನ ಪತ್ರಾ ಶೆಡ್ಡು ಎಬ್ಬಿಸಿಕೊಂಡು, ಅಲ್ಲೇ ಒಲೆ, ಅಲ್ಲೇ ಹಾಸಿಗೆ ಮಾಡಿಕೊಂಡು ಎರಡು ವರ್ಷ ಆಗಿತ್ತು. ಮನೆಯ ನಡುಗೋಡೆಯಲ್ಲಿ ಎದೆಯೆತ್ತರದಿಂದ ನೆಲದವರೆಗೆ ಒಂದು ಬಿರುಕು ಬಿಟ್ಟಿತ್ತು. ಗವಂಡಿ ಎರಡು ಸಲ ಗಾರೆ ಮೆತ್ತಿ ಹೋದ. ಎರೆ ಭೂಮಿಯ ಮನೆ. ಮಳೆಗಾಲದಲ್ಲಿ ಬಾಯಿ ಮುಚ್ಚಿಕೊಂಡ ಬಿರುಕು ಬೇಸಿಗೆ ಬಂತೆಂದರೆ ಮತ್ತೆ ಬಾಯಿ ತೆರೆಯುತ್ತಿತ್ತು.

“ಆ ಬಿರುಕು ನನ್ನ ಕಣ್ಣಿಗಿ ಬೀಳದಂಗ ಆದ ದಿನ ಒಳಗ ಬರ್ತೀನಿ. ಬೀರಪ್ಪನಾಣಿ,” ಎಂದು ಶಿವಕಾಂತಮ್ಮ ಹೇಳಿಬಿಟ್ಟಿದ್ದಳು.

ಕಾಶೆಪ್ಪ ಮಾತ್ರ ಗಂಡಸುತನಕ್ಕೆ ಕುಂದು ಬಾರದಂತೆ ಒಳಗೇ ಮಲಗುತ್ತಿದ್ದ. ಅವನಿಗೆ ಹೆದರಿಕೆ ಇರಲಿಲ್ಲ. ನಿದ್ದೆ ಇರಲಿಲ್ಲ, ಅಷ್ಟೆ.

ಹೀಗಿರುವಾಗ ಕಂಬಳಿ ಮುಟ್ಟಿಸಲು ಒಂದು ದಿನ ಉಮರ್ಗಾಕ್ಕೆ ಹೋದ. ಅಲ್ಲಿ ಹೈವೇ ಪಕ್ಕದಲ್ಲಿ ನಾಗನಾಥನ ಫ್ರೇಮಿನ ಅಂಗಡಿ. ದೇವರು, ತೀರಿಕೊಂಡ ಹಿರಿಯರು, ಮದುವೆಯ ಜೋಡಿ — ಈ ಮೂರಕ್ಕೆ ಕಟ್ಟು ಹಾಕಿಯೇ ಅವನ ಕೂದಲು ಬೆಳ್ಳಗಾಗಿತ್ತು. ಆದರೆ ಆವತ್ತು ಗೋಡೆಗೆ ಒರಗಿಸಿದ ಹನ್ನೆರಡು ಕಟ್ಟುಗಳಲ್ಲಿ ದೇವರೂ ಇರಲಿಲ್ಲ, ಹಿರಿಯರೂ ಇರಲಿಲ್ಲ. ಹನ್ನೆರಡರಲ್ಲೂ ಒಂದೇ ಚಿತ್ರ. ಕೆಳಗೆ ನೀಲಿ ನೀರು, ನೀರಿನಲ್ಲಿ ನಾಲ್ಕು ದೋಣಿ, ನೀರಿನ ದಂಡೆಯಿಂದ ಗುಡ್ಡದ ಮೇಲಕ್ಕೆ ಒಂದರ ಹೆಗಲ ಮೇಲೊಂದು ಹತ್ತಿ ನಿಂತ ಕೆಂಪು, ಹಳದಿ, ಬಿಳಿ ಮನೆಗಳು, ಒಂದು ತುದಿಯಲ್ಲಿ ಬೆಳ್ಳಗೆ ಎತ್ತರದ ಕಂಬ, ಅದರ ತಲೆಯಲ್ಲಿ ದೀಪ. ಯಾವನೋ ಲಾಡ್ಜಿನವನು ಕೋಣೆಗೊಂದರಂತೆ ಹಾಕಲು ಹೇಳಿ, ಆಮೇಲೆ ಕನ್ನಡಿಯೇ ಸಾಕೆಂದು ಕೈಬಿಟ್ಟಿದ್ದ.

ಇದು ಯಾವ ಊರು ಎಂದು ಕಾಶೆಪ್ಪ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲ ಎಂದಾಗುತ್ತದಲ್ಲ! ಅವನು ಮೊಳ ಹಾಕಿ ಅಳೆದ. ಬಿರುಕಿಗೆ ಒಂದು ಕಟ್ಟು ಸಾಲುವುದಿಲ್ಲ. ಎರಡು ತೆಗೆದುಕೊಂಡ.

ಮನೆಗೆ ಬಂದು ಬಿರುಕಿನಲ್ಲೇ ಮೊಳೆ ಹೊಡೆದ. ಹೊಡೆದ ಎನ್ನುವುದು ತಪ್ಪು. ಬೆರಳಿಂದ ಒತ್ತಿದರೆ ಸಾಕಾಯಿತು. ಒಂದರ ಕೆಳಗೊಂದು ಎರಡು ಊರು ತೂಗುಹಾಕಿ, ಅಂಗಳಕ್ಕೆ ಬಂದು ಕೆಮ್ಮಿದ.

“ಬಿರುಕು ಹೋಯ್ತು. ಬಂದು ನೋಡು.”

ಶಿವಕಾಂತಮ್ಮ ಹೊಸ್ತಿಲ ಹೊರಗೇ ನಿಂತು ಕುತ್ತಿಗೆ ಚಾಚಿ ನೋಡಿದಳು.

“ಎರಡೂ ಒಂದೇ ಅವಲ್ರೀ?”

“ಜೋಡಿ. ಜೋಡಿ ಇದ್ರೇ ಚಂದ.”

“ಒಂದೇ ಮಾರಿ ಇರೋ ಇಬ್ಬರು ಗಂಡರು ಇದ್ದಂಗ ಆಯ್ತು. ಇದೇನಂತ ತಿಳಿಯೋ ತನಕ ನಾ ಬರಲ್ಲ,” ಎಂದು ರೊಟ್ಟಿ ಬಡಿಯಲು ಹೋದಳು.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಗೋಡೆಯಾಚೆಯ ಕುಸುಮಬಾಯಿಗೆ ಪಕ್ಕದ ಮನೆಯಲ್ಲಿ ಹೊಸ ವಸ್ತು ಬಂದರೆ ನೋಡದೆ ಊಟ ಸೇರುತ್ತಿರಲಿಲ್ಲ. ಮೊರ ಕೇಳುವ ನೆವದಲ್ಲಿ ಒಳಗೆ ಬಂದವಳು ಚಿತ್ರದ ಮುಂದೆ ನಿಂತುಬಿಟ್ಟಳು. ಕಣ್ಣು ಮನೆಗಳ ಮೇಲಿಂದ ಇಳಿಯುತ್ತ ಇಳಿಯುತ್ತ ಬಿಳಿ ಅಂಚಿಗೆ ಬಂತು. ಅಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿತ್ತು: 17/250. ಬಲಗಡೆ ಒಂದು ರುಜು. ಓದಲು ಬರುವಂಥದಲ್ಲ. ಅಂದಮೇಲೆ ದೊಡ್ಡ ಸಾಹೇಬರದೇ ಇರಬೇಕು.

ಆ ವರ್ಷಗಳ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ತಾಲೂಕಿನಲ್ಲಿ ಕುಸಿದ ಊರುಗಳನ್ನೆಲ್ಲ ಬೇರೆ ಕಡೆ ಹೊಸದಾಗಿ ಕಟ್ಟುತ್ತಿದ್ದರು. ಕಟ್ಟುವುದಕ್ಕೆ ಮೊದಲು ಊರಿನ ನಕಾಶೆ ಬರುತ್ತಿತ್ತು. ಬೇವಿನ ಮರದ ಕೆಳಗೆ ಅದನ್ನು ತೂಗುಹಾಕುತ್ತಿದ್ದರು. ಮನೆಮನೆಗೂ ನಂಬರು, ಕೆಳಗೆ ಸಾಹೇಬರ ರುಜು. ಜನ ಇನ್ನೂ ಹುಟ್ಟದ ಮನೆಯ ಮೇಲೆ ಬೆರಳಿಟ್ಟು ‘ಇದು ನಂದು’ ಎನ್ನುತ್ತಿದ್ದರು. ಕಾಶೆಪ್ಪನಿದ್ದ ಕಂಬಳಿಯವರ ಗಲ್ಲಿಯ ಹೆಸರು ಮಾತ್ರ ಹೊಸ ಊರಿನ ಪಟ್ಟಿಯಲ್ಲೂ ಬರಲಿಲ್ಲ, ರಿಪೇರಿಯ ಪಟ್ಟಿಯಲ್ಲೂ ಬರಲಿಲ್ಲ. ಸರ್ವೇಕ್ಕೆ ಬಂದ ಜೀಪು ಮೂಲೆಯಲ್ಲೇ ತಿರುಗಿ ಹೋಗಿತ್ತು. ಯಾವನೋ ಒಬ್ಬ ‘ಇಲ್ಲಿ ಏನೂ ಆಗಿಲ್ಲ’ ಎಂದು ಹೇಳಿ ಕಳಿಸಿದ್ದನಂತೆ. ಆ ‘ಯಾವನೋ’ನನ್ನು ಗಲ್ಲಿಯವರು ಎರಡು ವರ್ಷದಿಂದ ದಿನಾ ಶಪಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಶಪಿಸಿದವನು ಕಾಶೆಪ್ಪ.

“ಕಾಶೆಪ್ಪಣ್ಣಾ,” ಕುಸುಮಬಾಯಿ ದನಿ ತಗ್ಗಿಸಿದಳು. “ಇದು ಯಾವ ಊರು?”

ಕಾಶೆಪ್ಪ ಚಿತ್ರದ ಕಡೆ ನೋಡಿದ. “ಹೊಸ ಊರು.”

“ಆಗ್ಲತದೇನು?”

“ಮತ್ತ? ಆಗ್ಲಾರದೇ ಬಣ್ಣ ಹೊಡದಾರೇನು?”

“ಎಲ್ಲಿ?”

“ಆ ಕಡಿ,” ಎಂದು ಕೈ ತೋರಿದ. ಆ ಕಡೆ ಒಂದು ಎಮ್ಮೆ ನಿಂತಿತ್ತು.

“ಹದಿನೇಳು ನಿಂದು. ಕೆಳಗಿಂದು ಹದಿನೆಂಟು. ಅಗಬಾಯಿ! ಎರಡು ಮನಿ!” ಕುಸುಮಬಾಯಿ ಮೊರ ಅಲ್ಲೇ ಬಿಟ್ಟು ಓಡಿದಳು.

ಅರ್ಧ ತಾಸಿನಲ್ಲಿ ಗಲ್ಲಿಯೆಲ್ಲ ಕಾಶೆಪ್ಪನ ಮನೆಯಲ್ಲಿತ್ತು. ಎಲ್ಲರ ಮುಂದೆ ಅವನ ಅಣ್ಣ ಅಮೃತಪ್ಪ ಬಂದ. ಬೀರಪ್ಪನ ಪೂಜಾರಿ, ಹಣೆ ತುಂಬ ಅರಿಶಿನದ ಭಂಡಾರ, ಹೆಗಲ ಮೇಲೆ ಕರಿ ಕಂಬಳಿ, ಮುಖದ ಮೇಲೆ ಎಂದಿನ ಸಿಟ್ಟು.

“ಹಿರ್ಯಾ ನಾ ಇದ್ದಾಗ ಎರಡೂ ಮನಿ ಇಂವಗೇ ಹ್ಯಾಂಗ ಬಂದ್ವು? ಹದಿನೆಂಟು ನಂದು,” ಎಂದು ಮೊದಲು ಆಸ್ತಿಯ ಮಾತು ಮುಗಿಸಿ, ಆಮೇಲೆ ಧರ್ಮಕ್ಕೆ ಬಂದ. “ಆದ್ರ ಬೀರಪ್ಪನ ಗುಡಿ ಎಲ್ಲದ? ಗುಡಿ ಇಲ್ಲದ ಊರಿಗಿ ನಾ ಬರಲ್ಲ.”

ಕಾಶೆಪ್ಪ ಚಿತ್ರದ ಮೂಲೆಯಲ್ಲಿದ್ದ ಬಿಳಿ ಕಂಬದ ಮೇಲೆ ಬೆರಳಿಟ್ಟ.

“ಇದೇನು ಮತ್ತ? ದೀಪಮಾಳ. ತುದಿಗಿ ದೀಪ ಉರಿಲತದ ನೋಡು.”

ಅಮೃತಪ್ಪ ಬಗ್ಗಿ ನೋಡಿದ. ಹೌದು, ದೀಪಮಾಳವೇ. ಗುಡಿಯ ಮುಂದಲ್ಲದೆ ಅದು ಮತ್ತೆಲ್ಲಿ ಇದ್ದೀತು? ಹಾಗಾದರೆ ಗುಡಿ ಹಿಂದೆ ಇದೆ, ಕಾಣುವುದಿಲ್ಲ, ಅಷ್ಟೆ. ಪೂಜಾರಿ ಎರಡೂ ಕೈ ಜೋಡಿಸಿದ. ಗಲ್ಲಿಯೂ ಜೋಡಿಸಿತು. ಯಾವ ಸಮುದ್ರದ ದೀಪವೋ ಪಾಪ, ಹಡಗುಗಳಿಗೆ ದಾರಿ ತೋರಿಸಲು ನಿಂತದ್ದು, ನಿಲಂಗಾದಲ್ಲಿ ನಮಸ್ಕಾರ ಪಡೆಯಿತು.

“ಇಷ್ಟು ನೀರ ಯಾಕ?” ಎಂದ ಒಬ್ಬ.

“ಕೆರಿ. ನಮಗ ಐದು ದಿನಕ್ಕೊಮ್ಮಿ ನಳ ಬರ್ತದಂತ ಸಾಹೇಬರಿಗಿ ಗೊತ್ತದ.”

“ಕುರಿ ಹ್ಯಾಂಗ ದಾಟ್ತಾವ?”

“ದೋಣಿ ಯಾಕ ಇಟ್ಟಾರ? ಒಂದೊಂದಕ್ಕ ಇಪ್ಪತ್ತು ಕುರಿ ಹಿಡಿತಾವ.”

“ಇನ್ನೂರೈವತ್ತು ಮನಿ ಕಾಣಲ್ವಲ್ಲ?”

“ಉಳಿದಿದ್ದು ಗುಡ್ಡದ ಹಿಂದ ಅವ.”

ಒಂದು ಪ್ರಶ್ನೆಯೂ ಬರಿಗೈಯಲ್ಲಿ ಹೋಗಲಿಲ್ಲ. ಶಿವಕಾಂತಮ್ಮ ಹೊಸ್ತಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಳು. ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿದಳು.

ಮರುದಿನ ಮೊದಲ ಬಸ್ಸಿಗೆ ಗಲ್ಲಿಯ ಹತ್ತು ಮನೆಯವರು ಉಮರ್ಗಾಕ್ಕೆ ಹೊರಟರು. ಈ ಸಲ ಯಾರೂ ಕಾಶೆಪ್ಪನನ್ನು ಬಸ್ಸಿನ ವೇಳೆ ಕೇಳಲಿಲ್ಲ; ಹಾಗಾಗಿ ಸರಿಯಾಗಿ ಮುಟ್ಟಿದರು. ಮಧ್ಯಾಹ್ನದ ಹೊತ್ತಿಗೆ ನಾಗನಾಥನ ಹತ್ತೂ ಕಟ್ಟು ಖಾಲಿ. ‘ಹತ್ತೊಂಬತ್ತು ಕೊಡ್ರಿ’, ‘ನಮಗ ಇಪ್ಪತ್ತಾರು, ಮೂಲಿ ಮನಿ’ ಎಂದು ಜನ ನಂಬರು ಹೇಳಿ ಕೇಳಿದರು. ನಿಲಂಗಾಕ್ಕೆ ಏನೋ ಹೊಸ ಶೋಕಿ ಬಂದಿದೆ ಎಂದುಕೊಂಡು ನಾಗನಾಥ ಇನ್ನಷ್ಟು ಕಳಿಸಿರೆಂದು ಬೊಂಬಾಯಿಗೆ ಕಾಗದ ಬರೆದ.

ಕುಸುಮಬಾಯಿಗೆ ಇಪ್ಪತ್ತೊಂದು ಸಿಕ್ಕಿತು. ಇಪ್ಪತ್ತೆರಡು ಸಿಕ್ಕಿದ್ದು ಅವಳ ನೆಗೆಣ್ಣಿ ಮಾಣಿಕಬಾಯಿಗೆ. ಈ ಇಬ್ಬರು ಒಂದು ಬೀಸುಕಲ್ಲಿನ ಸಲುವಾಗಿ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಈಗ ದೇವರು ಸಾಲಾಗಿ ಮನೆ ಕೊಟ್ಟಿದ್ದ! ಇಬ್ಬರೂ ಒಂದೇ ಚಿತ್ರದ ಮುಂದೆ ನಿಂತು, ನಡುವೆ ಅಮೃತಪ್ಪನನ್ನು ನಿಲ್ಲಿಸಿಕೊಂಡು, ಎಡಗಡೆಯಿಂದ ಮನೆ ಎಣಿಸಿದರು.

“ಮಾಮಾ, ಆಕಿಗಿ ಹೇಳ್ರಿ, ಕೆಂಪು ಹೆಂಚಿಂದು ನಂದು.”

“ಮಾಮಾ, ಆಕಿಗಿ ಎಣಸ್ಲಾಕ ಬರಲ್ಲ ಅಂತ ಹೇಳ್ರಿ. ಕೆಂಪಿಂದು ಇಪ್ಪತ್ತೆರಡು.”

“ಮಾಮಾ, ಹಳದಿ ಮನಿ ಬಿಟ್ಟು ಎಣಸ್ಯಾಳ ಆಕಿ!”

“ಹಳದಿಂದು ಮನಿ ಅಲ್ಲ, ಮಕ್ಕಳ ಸಾಲಿ ಅದ, ಕಣ್ಣ ಹೋಗ್ಯಾವೇನು ನಿಂದು?”

“ನನ್ನ ಕಣ್ಣ ಅಂತೀಯೇನು? ನಿನ್ನ ಬಾಗಲಾ ನನ್ನ ಕಡಿ ತೆರದಿ ಅಂದ್ರ ನೋಡು!”

ಅಷ್ಟರಲ್ಲಿ ಇಬ್ಬರಿಗೂ ತಾವು ನೇರವಾಗಿ ಮಾತಾಡಿಬಿಟ್ಟದ್ದು ಅರಿವಿಗೆ ಬಂತು. ಬಿಟ್ಟ ಬಾಣ, ಆಡಿದ ಮಾತು. ವಾಪಸು ತೆಗೆದುಕೊಳ್ಳುವುದು ಹೇಗೆ? ಹನ್ನೊಂದು ವರ್ಷದ ಬಾಕಿ ಜಗಳವನ್ನು ಸಂಜೆಯವರೆಗೆ ಆಡಿ, ಕಡೆಗೆ ಇಬ್ಬರೂ ಒಂದೇ ತಾಟಿನಲ್ಲಿ ಚುರುಮುರಿ ತಿಂದರು.

ಊರೇನೋ ಒಪ್ಪಿಗೆಯಾಗಿತ್ತು. ಆದರೆ ಸಣ್ಣಪುಟ್ಟ ತಿದ್ದುಪಡಿ ಬೇಡವೇ? ಅಮೃತಪ್ಪ ಹೇಳಿದ, ಒಬ್ಬ ಮಾಸ್ತರ ಬರೆದ. ಕುರಿ ಹಟ್ಟಿಗೆ ಜಾಗ ಬಿಟ್ಟಿಲ್ಲ, ಬಿಡಬೇಕು. ಕೆರೆ ಬಾಗಿಲಿಗೆ ತೀರ ಹತ್ತಿರ ಬಂದಿದೆ, ಮೊಮ್ಮಕ್ಕಳಿರುವ ಮನೆಗಳು, ಇಪ್ಪತ್ತು ಹೆಜ್ಜೆ ಹಿಂದಕ್ಕೆ ಸರಿಸಬೇಕು. ದೋಣಿ ನಾಲ್ಕು ಸಾಲವು. ಗುಡಿಯ ಮುಂದಿನ ದೀಪಮಾಳಕ್ಕೆ ಎಣ್ಣೆಯ ವ್ಯವಸ್ಥೆ ಸರ್ಕಾರವೇ ನೋಡಬೇಕು. ಮೂವತ್ತೆರಡು ಜನ ಹೆಬ್ಬೆಟ್ಟು, ರುಜು ಹಾಕಿದರು. ಅರ್ಜಿಯ ಜೊತೆ ಅಮೃತಪ್ಪನ ಕೈಯಲ್ಲಿ ಹದಿನೆಂಟನೆಯ ಚಿತ್ರವೂ ಕಚೇರಿಗೆ ಹೋಯಿತು. ಅದು ತೂಗುತ್ತಿದ್ದ ಜಾಗ ಕಾಣದಂತೆ ಕಾಶೆಪ್ಪ ಅಲ್ಲಿ ಕಂಬಳಿಯ ಗಂಟು ಒತ್ತಿಟ್ಟ.

ಯಾವ ಕಚೇರಿ ಎಂದು ನಾವು ಹೇಳುವುದಿಲ್ಲ. ನಾಳೆ ನಮಗೂ ಏನಾದರೂ ದಾಖಲೆ ಬೇಕಾದೀತು. ಆದರೆ ಅಲ್ಲಿ ಕೂತವರೂ ಕಾಶೆಪ್ಪನ ಜಾತಿಯವರೇ ಆಗಿದ್ದರು. ‘ಇದು ಏನೋ ಗೊತ್ತಿಲ್ಲ’ ಎಂದು ಒಬ್ಬರೂ ಬರೆಯಲಿಲ್ಲ. ಮೊದಲನೆಯ ಮೇಜಿನವರು ‘ನೀರು ಇರುವುದರಿಂದ ನೀರಾವರಿಗೆ’ ಎಂದು ಬರೆದರು. ನೀರಾವರಿಯವರು ‘ದೀಪ ಇರುವುದರಿಂದ ವಿದ್ಯುತ್ತಿಗೆ’ ಎಂದರು. ವಿದ್ಯುತ್ತಿನವರು ತಂತಿ ಕಾಣುವುದಿಲ್ಲ ಎಂದು ಆಕ್ಷೇಪಿಸಿ ವಾಪಸು ಕಳಿಸಿದರು. ಒಂದೂವರೆ ತಿಂಗಳಿಗೆ ಗಲ್ಲಿಗೆ ಉತ್ತರ ಬಂತು: “ಸದರಿ ನಕಾಶೆಯಲ್ಲಿ ತೋರಿಸಿದ ದೋಣಿಗಳಿಗೆ ಹಾಲಿ ಅನುದಾನ ಇರುವುದಿಲ್ಲ. ಉಳಿದ ವಿಷಯಕ್ಕೆ ಸ್ಥಳ ಪರಿಶೀಲನೆ ಮಾಡಲಾಗುವುದು.”

ದೋಣಿಗಷ್ಟೇ ಅನುದಾನ ಇಲ್ಲ! ಹಾಗಾದರೆ ಮನೆಗೆ ಇದೆ ಎಂದಾಯಿತಲ್ಲ! ಗಲ್ಲಿಯಲ್ಲಿ ಮನೆಮನೆಗೂ ಹೋಳಿಗೆ ಆಯಿತು. ಕಾಶೆಪ್ಪ ಮಾತ್ರ ತನ್ನ ಪಾಲಿನ ಹೋಳಿಗೆಯನ್ನು ಎಮ್ಮೆಗೆ ತಿನ್ನಿಸಿದ.

ಪರಿಶೀಲನೆಗೆ ಬಂದವನು ದತ್ತಾತ್ರಿ ಎಂಬ ಓವರ್‌ಸೀಯರ್. ಉದಗೀರದ ಹುಡುಗ, ಇನ್ನೂ ಮೀಸೆ ಸರಿಯಾಗಿ ಒಪ್ಪಿರಲಿಲ್ಲ. ಮೋಟಾರ್ ಸೈಕಲ್ಲಿನ ಹಿಂದೆ ಹಳೆಯ ರಿಜಿಸ್ಟರು, ಅದಕ್ಕೆ ಕಟ್ಟಿದ ಹದಿನೆಂಟನೆಯ ಚಿತ್ರ. ಗಲ್ಲಿ ಪೂರ್ತಿ ಹೊಸ ಬಟ್ಟೆ ಹಾಕಿಕೊಂಡು ಕಾಶೆಪ್ಪನ ಮನೆಯಲ್ಲಿ ಕಾಯುತ್ತಿತ್ತು. ದತ್ತಾತ್ರಿ ಗೋಡೆಯ ಮೇಲಿದ್ದ ಹದಿನೇಳನ್ನೂ ಕೈಯಲ್ಲಿದ್ದ ಹದಿನೆಂಟನ್ನೂ ಎರಡು ಸಲ ನೋಡಿದ.

“ಅಹೋ, ಇದು ನಕಾಶಿ ಅಲ್ರೀ. ಚಿತ್ರ. ಸಮುದ್ರದ ದಂಡಿಗಿ ಇರೋ ಯಾವುದೋ ಊರು. ಒಬ್ಬ ಚಿತ್ರಕಾರ ತೆಗದಾನ. ಅದನ್ನೇ ಇನ್ನೂರೈವತ್ತು ಸಲ ಛಾಪಾ ಹೊಡದು, ಒಂದೊಂದಕ್ಕ ನಂಬರ್ ಹಾಕ್ಯಾನ. ಇದು ಹದಿನೇಳನೇ ಪ್ರತಿ, ಅಷ್ಟೇ.”

ಮನೆಯಲ್ಲಿ ಒಂದು ಹಲ್ಲಿ ಲೊಚಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

“ಅಂದ್ರ ನನ್ನ ಇಪ್ಪತ್ತೊಂದನೇ ಮನಿ?” ಎಂದಳು ಕುಸುಮಬಾಯಿ.

“ಇಲ್ಲ ಬಾಯಿ.”

“ಇನ್ನೂರೈವತ್ತು ಸಲ ಒಂದೇ ಊರು?” ಮಾಣಿಕಬಾಯಿಗೆ ಸಿಟ್ಟು ಬಂತು. “ಅಂವಗ ಬ್ಯಾರೆ ಊರು ತೆಗಿಲಾಕ ಬರ್ತಿದ್ದಿಲ್ಲೇನು?”

ಅಮೃತಪ್ಪ ನಿಧಾನವಾಗಿ ತಮ್ಮನ ಕಡೆ ತಿರುಗಿದ. “ಕಾಶಾ, ಹಾಂಗಿದ್ರ ಇದು ಯಾವ ಊರು?”

ಕಾಶೆಪ್ಪ ಬಾಯಿ ತೆರೆದ. ರತ್ನಾಗಿರಿ, ಕಾರವಾರ, ಗೋವಾ ಮೂರೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಎದುರಿಗೆ ಹತ್ತು ಮನೆಯವರ ಹೊಸ ಬಟ್ಟೆ ಕಾಣಿಸಿತು. ಬಾಯಿ ಮುಚ್ಚಿ, ಮತ್ತೆ ತೆರೆದ.

“ನನಗ ಗೊತ್ತಿಲ್ಲ.”

ಭೂಮಿ ನಡುಗಿದ ದಿನವೂ ಗಲ್ಲಿ ಹೀಗೆ ಬೆಚ್ಚಿರಲಿಲ್ಲ. ಕುಸುಮಬಾಯಿ ಅವನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

“ಗೊತ್ತಿಲ್ಲಂದ್ರ ಇಲ್ಲ್ಯಾಕ ಹಚ್ಚಿದ್ರಿ?” ಹೊಸ್ತಿಲಾಚೆಯಿಂದ ಕೇಳಿದವಳು ಶಿವಕಾಂತಮ್ಮ.

ಕಾಶೆಪ್ಪ ಹೋಗಿ ಹದಿನೇಳನೆಯ ಚಿತ್ರವನ್ನು ಮೊಳೆಯಿಂದ ಎತ್ತಿದ. ಹಿಂದೆ ಬಿರುಕು ಬಾಯಿ ತೆರೆದು ನಿಂತಿತ್ತು. ಬೆರಳು ಹಿಡಿಸುವಷ್ಟು ಅಗಲವಾಗಿತ್ತು.

“ನೀ ಒಳಗ ಬರ್ಲಿ ಅಂತ,” ಎಂದ.

ದತ್ತಾತ್ರಿಯ ಮುಖ ಬದಲಾಯಿತು. ಹತ್ತಿರ ಹೋಗಿ, ಆಳ ನೋಡೋಣ ಎಂದು ಕೈಯಲ್ಲಿದ್ದ ಪೆನ್ಸಿಲನ್ನು ಬಿರುಕಿಗೆ ತೂರಿಸಿದ. ಪೆನ್ಸಿಲು ಹೋಯಿತು. ಇನ್ನೂ ಹೋಯಿತು. ಬೆರಳಿಂದ ಜಾರಿ ಪೂರ್ತಿ ಹೋಯಿತು. ಗೋಡೆಯಾಚೆ ಟಿಣ್ ಎಂದು ಪಾತ್ರೆಯ ಸದ್ದು ಕೇಳಿಸಿತು. ಕುಸುಮಬಾಯಿ ಓಡಿಹೋಗಿ ಅಷ್ಟೇ ಬೇಗ ತಿರುಗಿ ಬಂದಳು.

“ಸಾಹೇಬ, ನಿಮ್ಮ ಪೆನ್ಸಿಲ್ ನಮ್ಮ ಬ್ಯಾಳಿ ಗಡಗ್ಯಾಗ ಬಿದ್ದಿತ್ತು.”

“ಇಂಥಾ ಗ್ವಾಡಿ ಸರ್ವೇದಾಗ ಯಾಕ ಬರಲಿಲ್ಲ?” ದತ್ತಾತ್ರಿ ರಿಜಿಸ್ಟರು ಬಿಚ್ಚಿ ಪುಟ ತಿರುವಿದ. ಒಂದು ಕಡೆ ಬೆರಳು ನಿಂತಿತು. ಗಟ್ಟಿಯಾಗಿ ಓದಿದ: “‘ಕಂಬಳಿಯವರ ಗಲ್ಲಿ. ಮೂಲೆಯಲ್ಲಿ ವಿಚಾರಿಸಲಾಗಿ, ಏನೂ ಆಗಿಲ್ಲ, ನಮ್ಮ ಗೋಡೆ ಲೋಖಂಡದಂಗ ಗಟ್ಟಿ ಅವ, ಮುಂದ ಹೋಗ್ರಿ ಎಂದು ರಹವಾಸಿ ಕಾಶೆಪ್ಪ ಎಂಬವರು ತಿಳಿಸಿರುತ್ತಾರೆ.’”

ಕಾಶೆಪ್ಪನಿಗೆ ಮಸುಕುಮಸುಕಾಗಿ ನೆನಪಾಯಿತು. ಯಾವುದೋ ಜೀಪು. ಯಾರೋ ಏನೋ ಕೇಳಿದ್ದರು. ಬರಿಗೈಯಲ್ಲಿ ಕಳಿಸಬಾರದು ಎಂದು ಏನೋ ಕೊಟ್ಟು ಕಳಿಸಿದ್ದ. ಎರಡು ವರ್ಷ ಅವನು ಹಾಕಿದ ಶಾಪಗಳೆಲ್ಲ ವಿಳಾಸ ಹುಡುಕಿಕೊಂಡು ಮನೆಗೆ ಬಂದಿದ್ದವು.

“ನಿನ್ನ ನಾಲಿಗಿಗಿ ಹುಳ ಬೀಳ್ಲಿ ಅಂತ ನೀನೇ ಅಂತಿದ್ದೆಲ್ಲೋ!” ಎಂದು ಅಮೃತಪ್ಪ ಕಂಬಳಿ ಕೊಡವಿ ಎದ್ದ. ಮಾಣಿಕಬಾಯಿ ಮೊರ ಎತ್ತಿಕೊಂಡಳು. ಗಲ್ಲಿ ಮುಂದಕ್ಕೆ ಒತ್ತಿತು. ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಶಿವಕಾಂತಮ್ಮ ಎರಡು ವರ್ಷ ದಾಟದ ಹೊಸ್ತಿಲನ್ನು ಒಂದೇ ಹೆಜ್ಜೆಗೆ ದಾಟಿ ಬಂದು, ಗಂಡನ ಮುಂದೆ ನಿಂತಳು.

“ಬೈರಿ. ನಾನೂ ಬೈತೀನಿ. ಆದ್ರ ಮೊದಲ ಹೇಳ್ರಿ, ನೀವು ಆ ಫೋಟೋ ಎಲ್ಲೆಲ್ಲಿ ಹಚ್ಚೀರಿ?”

ಗಲ್ಲಿಯವರು ಒಬ್ಬರ ಮುಖ ಒಬ್ಬರು ನೋಡಿದರು. ದತ್ತಾತ್ರಿ ಪೆನ್ಸಿಲು ಒರೆಸಿಕೊಂಡು ಹೊರಗೆ ನಡೆದ.

ಕುಸುಮಬಾಯಿಯ ಮನೆಯಲ್ಲಿ ಇಪ್ಪತ್ತೊಂದನ್ನು ಎತ್ತಿದರೆ ಹಿಂದೆ ಬಿರುಕು. ಮಾಣಿಕಬಾಯಿಯ ಇಪ್ಪತ್ತೆರಡರ ಹಿಂದೆ ಎರಡು. ಮೂಲೆಮನೆಯ ಇಪ್ಪತ್ತಾರನ್ನು ಎತ್ತಿದಾಗ ಒಂದು ಕಲ್ಲೇ ಕೆಳಗೆ ಬಿತ್ತು. ಹತ್ತು ಚಿತ್ರ, ಹತ್ತು ಮನೆ. ಒಂದು ಚಿತ್ರವೂ ಗಟ್ಟಿ ಗೋಡೆಯ ಮೇಲಿರಲಿಲ್ಲ. ಎಲ್ಲರೂ ಕಾಣಬಾರದ್ದನ್ನು ಕಾಣದಂತೆ ಮಾಡಿಕೊಂಡು ಅದರ ಮುಂದೆ ಕೂತು ಹೊಸ ಮನೆ ಎಣಿಸಿದ್ದರು. ಎರಡು ವರ್ಷ ಆಗದ ಸರ್ವೇ ಒಂದು ತಾಸಿನಲ್ಲಿ ಮುಗಿಯಿತು. ಅಮೃತಪ್ಪನ ಪಾಲಿನ ಚಿತ್ರ ಕಚೇರಿಗೆ ಹೋಗಿದ್ದರಿಂದ ಅವನ ಮನೆಯ ಬಿರುಕನ್ನು ಮಾತ್ರ ಹುಡುಕಬೇಕಾಯಿತು.

“ಎಲ್ಲಾ ರಿಪೇರಿ ಪಟ್ಟಿಗಿ ಹಾಕ್ತೀನಿ,” ಎಂದ ದತ್ತಾತ್ರಿ. “ಅಲ್ಲಿತನಕ ಒಳಗ ಯಾರೂ ಮಲಗಬ್ಯಾಡ್ರಿ. ಕಾಶೆಪ್ಪಣ್ಣಾ, ನೀವಂತೂ ಬ್ಯಾಡೇ ಬ್ಯಾಡ.”

ಗಲ್ಲಿಯ ಸಿಟ್ಟು ಇಳಿಯಿತು, ಆದರೆ ಶಿಕ್ಷೆ ತಪ್ಪಲಿಲ್ಲ. ಅಮೃತಪ್ಪ ಬೀರಪ್ಪನ ಭಂಡಾರವನ್ನು ತಮ್ಮನ ಕೈಗೆ ಹಾಕಿ ಆಣೆ ಮಾಡಿಸಿದ: ಒಂದು ವರ್ಷ ಯಾರು ದಾರಿ ಕೇಳಿದರೂ, ವೇಳೆ ಕೇಳಿದರೂ ‘ಗೊತ್ತಿಲ್ಲ’ ಎನ್ನತಕ್ಕದ್ದು. ಆ ವರ್ಷ ನಿಲಂಗಾದ ಜನ ಎಂದೂ ಇಲ್ಲದಷ್ಟು ಸರಿಯಾಗಿ ಉದಗೀರ ಮುಟ್ಟಿದರು.

ಕಾಶೆಪ್ಪ ಪತ್ರಾ ಶೆಡ್ಡಿಗೆ ಹಾಸಿಗೆ ತಂದ. ಎರಡು ವರ್ಷದ ನಿದ್ದೆಯನ್ನು ಹದಿನೈದು ದಿನದಲ್ಲಿ ವಸೂಲು ಮಾಡಿದ. ಅವನ ಗೊರಕೆಗೆ ಪತ್ರಾ ನಡುಗುತ್ತದೆ, ಇದಕ್ಕಿಂತ ಭೂಕಂಪವೇ ವಾಸಿ ಎಂದು ಶಿವಕಾಂತಮ್ಮ ಕುಸುಮಬಾಯಿಗೆ ಹೇಳಿ ನಕ್ಕಳು.

ದಸರೆ ಕಳೆದ ಮೇಲೆ ಗವಂಡಿಗಳು ಬಂದರು. ಗೋಡೆ ಬಿಚ್ಚಿ ಕಟ್ಟಿದರು, ಸುತ್ತ ಸರಳು ಹಾಕಿ ಸಿಮೆಂಟಿನ ಪಟ್ಟಿ ಬಿಗಿದರು, ಸುಣ್ಣ ಬಳಿದರು. ಒಂದು ಮಧ್ಯಾಹ್ನ ಶಿವಕಾಂತಮ್ಮ ಕೌದಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದು ನಡುಗೋಡೆಯ ಮುಂದೆ ನಿಂತಳು. ಬಿಳಿ ಗೋಡೆ. ಒಂದು ಗೆರೆಯೂ ಇಲ್ಲ.

“ಫೋಟೋ ಎಲ್ಲದ?”

“ಈಗ ಯಾಕ? ಬಿರುಕೇ ಇಲ್ಲಲ್ಲ.”

“ತಂದು ಹಚ್ರಿ.”

ಈ ಸಲ ಮೊಳೆಗೆ ಸುತ್ತಿಗೆ ಬೇಕಾಯಿತು. ಐದು ಏಟು ಹೊಡೆದ ಮೇಲೆ ಒಳಗೆ ಇಳಿಯಿತು. ಹದಿನೇಳನೆಯ ಚಿತ್ರ ಗೋಡೆಗೆ ಬಂತು. ಶಿವಕಾಂತಮ್ಮ ಸೆರಗಿನಿಂದ ಗಾಜು ಒರೆಸಿದಳು.

“ಇದರಾಗ ನಮ್ಮ ಮನಿ ಯಾವುದು, ಹೇಳ್ರಿ ನೋಡೋಣ.”

ಕಾಶೆಪ್ಪ ಕೆಂಪು ಮನೆ ನೋಡಿದ, ಹಳದಿ ಮನೆ ನೋಡಿದ. ಭಂಡಾರದ ಆಣೆ ನೆನಪಾಯಿತು.

“ಗೊತ್ತಿಲ್ಲ,” ಎಂದ.

“ಮೊದಲನೇ ದಿನಾನೇ ನೋಡಿಟ್ಟೀನಿ ನಾ,” ಎಂದು ಶಿವಕಾಂತಮ್ಮ ದೀಪಮಾಳದ ಪಕ್ಕದ ಒಂದು ಸಣ್ಣ ಬಿಳಿ ಮನೆಯ ಮೇಲೆ ಬೆರಳಿಟ್ಟಳು. “ಇದು. ಬಾಗಲಾ ತೆರದದ ನೋಡ್ರಿ.”

ಆಮೇಲೆ ಕೌದಿ ಬಿಡಿಸಿ ಆ ಗೋಡೆಯ ಕೆಳಗೇ ಹಾಸಿದಳು.